ಅದೇ ಪೆಪ್ಟೈಡ್ ಒಮ್ಮೆ ಔಷಧಿ, ಒಮ್ಮೆ ರೋಗ: ತಾನಾಗಿ ಜೋಡಣೆಯಾಗುವ ಕಣಗಳನ್ನು ಹತೋಟಿಗೆ ತರುವುದು ಯಾಕೆ ಕಷ್ಟ?

"ತೂಕ ಇಳಿಸೋ ಇಂಜೆಕ್ಷನ್ ಅಗ್ಗ ಆಗೇತಂತಲ್ರೀ, ಹೌದೇನು?" ಹುಬ್ಬಳ್ಳಿಯ ಮೆಡಿಕಲ್ ಶಾಪ್‌ಗಳಲ್ಲಿ ಈಗ ಕೇಳಿಬರುವ ಪ್ರಶ್ನೆ ಇದು. 2026ರ ಮಾರ್ಚ್‌ನಲ್ಲಿ ಭಾರತದಲ್ಲಿ ಆ ಇಂಜೆಕ್ಷನ್ನಿನ ಔಷಧಿ ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ ಮುಗಿಯಿತು. ನಮ್ಮ ದೇಶದ ಕಂಪನಿಗಳೇ ಅದನ್ನು ತಯಾರಿಸಿ ಮಾರಲು ದಾರಿ ತೆರೆಯಿತು. ಅದೊಂದು ಪೆಪ್ಟೈಡ್ ಆದ್ದರಿಂದ ಸುದ್ದಿ ಓದಿದವರ ಬಾಯಲ್ಲಿ ಆ ಪದ ಓಡಾಡತೊಡಗಿತು.

ಗೊಂದಲ ಶುರುವಾಗುವುದು ಇಲ್ಲೇ. ಮೆದುಳಿನಲ್ಲಿ ಒಂದು ಪೆಪ್ಟೈಡ್ ಗಂಟುಗಟ್ಟುವುದಕ್ಕೂ ಆಲ್‌ಝೈಮರ್ ಕಾಯಿಲೆಗೂ ನಂಟಿದೆ ಅನ್ನುತ್ತದೆ ಒಂದು ಸುದ್ದಿ. ಪೆಪ್ಟೈಡ್ ಎಳೆಗಳ ಜೆಲ್ ಹಾಕಿದಾಗ ಬೆನ್ನುಹುರಿ ಪೆಟ್ಟಾದ ಇಲಿಗಳು ಮತ್ತೆ ನಡೆದವು ಅನ್ನುತ್ತದೆ ಇನ್ನೊಂದು. ಜಿಮ್‌ಗೆ ಹೋಗುವ ಹುಡುಗರು ಆನ್‌ಲೈನ್‌ನಲ್ಲಿ ಪೆಪ್ಟೈಡ್ ಪುಡಿಯ ಸೀಸೆ ತರಿಸಿಕೊಳ್ಳುತ್ತಾರೆ. ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿಯ ಮೇಲೂ ಅದೇ ಹೆಸರು. ಹಾಗಾದರೆ ಇದು ಒಳ್ಳೆಯದೋ ಕೆಟ್ಟದ್ದೋ?

ಹೆಸರು ನೋಡಿ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಪೆಪ್ಟೈಡ್ ಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿ ಇರುತ್ತವೆಯೋ, ಒಂದಕ್ಕೊಂದು ಸೇರಿ ಎಳೆ, ಕೊಳವೆ, ಗುಳ್ಳೆಗಳಾಗುತ್ತವೆಯೋ, ಆ ಸೇರುವಿಕೆ ಯಾವ ವೇಗದಲ್ಲಿ, ಯಾವ ಕ್ರಮದಲ್ಲಿ ನಡೆಯಿತು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಆ ಸೇರುವಿಕೆಯನ್ನು ಹತೋಟಿಗೆ ತರುವುದೇ ವಿಜ್ಞಾನಿಗಳ ಈಗಿನ ದೊಡ್ಡ ಕೆಲಸ. ಅಗ್ಗದ ಇಂಜೆಕ್ಷನ್ನಿನ ಗುಣಮಟ್ಟವೂ ಕೊನೆಗೆ ಇದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ.

ಮೊದಲು ಸ್ವಲ್ಪ ಹಿನ್ನೆಲೆ

ಅಮೈನೋ ಆಮ್ಲಗಳು ಸಾಲಾಗಿ ಕೂಡಿದರೆ ಸಿಗುವ ಚಿಕ್ಕ ಸರಪಳಿಯೇ ಪೆಪ್ಟೈಡ್. ನಮ್ಮ ದೇಹ ಬಳಸುವ ಮುಖ್ಯ ಅಮೈನೋ ಆಮ್ಲಗಳು 20. ಎರಡೇ ಸೇರಿದರೂ ಪೆಪ್ಟೈಡ್, ಮೂವತ್ತು ಸೇರಿದರೂ ಪೆಪ್ಟೈಡ್. ಸರಪಳಿ ತುಂಬಾ ಉದ್ದವಾದರೆ ಪ್ರೋಟೀನ್ ಅನ್ನುತ್ತಾರೆ. ಸೆಮಾಗ್ಲುಟೈಡ್‌ನಲ್ಲಿ 31 ಇವೆ. ಇನ್ಸುಲಿನ್‌ನಲ್ಲಿ ಎರಡು ಸರಪಳಿ ಸೇರಿ 51.

ನಾವು ಮಾತಾಡುತ್ತಿರುವ ಅಳತೆ ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ. ಪೆಪ್ಟೈಡ್‌ಗಳು ಕೂಡಿ ಮಾಡುವ ಎಳೆಗಳ ದಪ್ಪ ಸಾಮಾನ್ಯವಾಗಿ ಹತ್ತು ನ್ಯಾನೋಮೀಟರ್ ಆಸುಪಾಸು. ಉದ್ದ ಮಾತ್ರ ಅದರ ನೂರಾರು ಪಟ್ಟು ಇರಬಹುದು.

ಯಾರೂ ಜೋಡಿಸದೆ ಜೋಡಣೆಯಾಗುವುದು ಹೇಗೆ?

ಇಷ್ಟು ಸಣ್ಣ ವಸ್ತುಗಳನ್ನು ಚಿಮಟದಲ್ಲಿ ಹಿಡಿದು ಕೂಡಿಸಲು ಆಗುವುದಿಲ್ಲ. ಅವು ತಾವೇ ಕೂಡಬೇಕು. ಕೂಡಿಸುವ ಬಲಗಳೆಲ್ಲ ದುರ್ಬಲ. ಕೆಲವು ಅಮೈನೋ ಆಮ್ಲಗಳಿಗೆ ಎಣ್ಣೆಯ ಸ್ವಭಾವವಿದೆ, ಅವಕ್ಕೆ ನೀರು ಆಗುವುದಿಲ್ಲ. ನೀರಿನಿಂದ ತಪ್ಪಿಸಿಕೊಳ್ಳಲು ಅವು ಒಂದರ ಮಗ್ಗುಲಿಗೆ ಒಂದು ಬಂದು ಸೇರುತ್ತವೆ. ಸರಪಳಿಯ ಬೆನ್ನಿಗೆ ಬೆನ್ನು ಹೈಡ್ರೋಜನ್ ಬಂಧ ಬೆಸೆಯುತ್ತದೆ. ಒಂದೇ ವಿದ್ಯುದಂಶ ಇರುವ ತುದಿಗಳು ಪರಸ್ಪರ ತಳ್ಳುತ್ತವೆ, ಬೇರೆ ವಿದ್ಯುದಂಶ ಇರುವವು ಎಳೆಯುತ್ತವೆ. ಒಂದೊಂದು ಬಲವೂ ಸುಲಭಕ್ಕೆ ಮುರಿಯುವಂಥದ್ದು. ಸಾವಿರಗಟ್ಟಲೆ ಸೇರಿದಾಗ ಗಟ್ಟಿ ಎಳೆಯೇ ಸಿದ್ಧ.

ಸರಪಳಿ ಎಲ್ಲೆಲ್ಲಿ, ಯಾವ ಕೋನದಲ್ಲಿ ಬಾಗಬಹುದು ಅನ್ನುವ ನಕ್ಷೆಯನ್ನು 1963ರಲ್ಲಿ ಕೊಟ್ಟವರು ಜಿ.ಎನ್. ರಾಮಚಂದ್ರನ್ ಮತ್ತು ಅವರ ಮದ್ರಾಸಿನ ತಂಡ. ರಾಮಚಂದ್ರನ್ ಮುಂದೆ ಬೆಂಗಳೂರಿನ ಐಐಎಸ್‌ಸಿಗೆ ಬಂದರು. ಇವತ್ತಿಗೂ ಪೆಪ್ಟೈಡ್ ವಿನ್ಯಾಸ ಮಾಡುವವರು ಆ ನಕ್ಷೆಯನ್ನು ತೆಗೆದು ನೋಡುತ್ತಾರೆ. ಈ ವಿಷಯದಲ್ಲಿ ಭಾರತ ಹೊರಗೆ ನಿಂತು ನೋಡಿದ ದೇಶವಲ್ಲ. ಇದನ್ನು ನಮ್ಮ ಕಾಲೇಜುಗಳಲ್ಲಿ ಇನ್ನೂ ಹೆಚ್ಚು ಹೇಳಬೇಕು.

2003ರಲ್ಲಿ ಇಸ್ರೇಲಿನ ಮೈಟಲ್ ರೆಚೆಸ್ ಮತ್ತು ಎಹುದ್ ಗಾಝಿಟ್ ಪ್ರಕಟಿಸಿದ ಸಂಶೋಧನೆ ಈ ಕ್ಷೇತ್ರದ ದಿಕ್ಕನ್ನೇ ತಿರುಗಿಸಿತು. ಆಲ್‌ಝೈಮರ್ ರೋಗಿಗಳ ಮೆದುಳಿನಲ್ಲಿ ಗಂಟುಗಟ್ಟುವ ಪೆಪ್ಟೈಡ್‌ನಲ್ಲಿ ಸುಮಾರು 40 ಅಮೈನೋ ಆಮ್ಲಗಳಿವೆ. ಅದರ ನಡುವೆ ಒಂದು ಕಡೆ ಫಿನೈಲ್‌ಅಲನಿನ್ ಎಂಬುದು ಎರಡು ಸಲ ಒತ್ತೊತ್ತಾಗಿ ಬರುತ್ತದೆ. ಆ ಎರಡನ್ನಷ್ಟೇ ಬೇರೆಯಾಗಿ ತೆಗೆದುಕೊಂಡು ನೀರಿಗೆ ಹಾಕಿದರು. ಅವು ಗಟ್ಟಿಯಾದ ನ್ಯಾನೋ ಕೊಳವೆಗಳಾದವು. ಆ ಕೊಳವೆಗಳ ಒಳಗೆ ಬೆಳ್ಳಿಯ ಸಣ್ಣ ತಂತಿಯನ್ನೂ ಎರಕ ಹೊಯ್ದು ತೋರಿಸಿದರು. ರೋಗದಲ್ಲಿ ಕಾಣುವ ತುಣುಕೇ ಉಪಯೋಗದ ವಸ್ತುವಾಯಿತು. 'ಪೆಪ್ಟೈಡ್ ಗುಂಪುಗಟ್ಟಿದರೆ ಕೆಟ್ಟದ್ದೇ' ಅನ್ನುವ ಸರಳ ತಿಳಿವಳಿಕೆ ಅಲ್ಲಿಗೆ ಮುಗಿಯಿತು.

ಸಾಮಾನು ಒಂದೇ, ದಾರಿ ಬೇರೆ

ಹತೋಟಿ ಯಾಕೆ ಕಷ್ಟ ಅನ್ನುವುದಕ್ಕೆ ಧಾರವಾಡದವರಿಗೆ ಹಾಲಿಗಿಂತ ಒಳ್ಳೆಯ ಉದಾಹರಣೆ ಬೇಡ. ಒಂದೇ ಎಮ್ಮೆಯ ಹಾಲು. ಉಗುರುಬೆಚ್ಚಗೆ ಮಾಡಿ ಹೆಪ್ಪು ಹಾಕಿ ಅಲುಗಾಡಿಸದೆ ಇಟ್ಟರೆ ಗಟ್ಟಿ ಮೊಸರು. ಕುದಿಯುವಾಗ ಲಿಂಬೆಹಣ್ಣು ಹಿಂಡಿದರೆ ಒಡೆದು ಚೂರುಚೂರು. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕೈಯಾಡಿಸಿದರೆ ಖೋವಾ, ಆಮೇಲೆ ಪೇಢಾ. ಒಮ್ಮೆ ಒಡೆದ ಹಾಲನ್ನು ಮತ್ತೆ ಮೊಸರು ಮಾಡಲು ಆಗುವುದಿಲ್ಲ, ಅಲ್ವಾ? ಪೆಪ್ಟೈಡ್‌ಗೂ ಇದೇ ಕಷ್ಟ.

ಪ್ರಯೋಗಾಲಯದ ಒಂದು ಸೀಸೆಯನ್ನು ಹತ್ತಿರದಿಂದ ನೋಡೋಣ. ಆ ಜೋಡಿ ಫಿನೈಲ್‌ಅಲನಿನ್‌ನ ತುದಿಗೆ ಎಫ್‌ಮಾಕ್ ಎಂಬ ರಾಸಾಯನಿಕ ತುಣುಕನ್ನು ಕೂಡಿಸಿದ ಪುಡಿ ಸಿಗುತ್ತದೆ. ಸ್ವಲ್ಪ ಕ್ಷಾರ ಹಾಕಿದ ನೀರಿನಲ್ಲಿ ಅದು ಕರಗುತ್ತದೆ. ನೀರಿನ ನೂರು ಭಾಗಕ್ಕೆ ಒಂದು ಭಾಗಕ್ಕಿಂತ ಕಡಿಮೆ ಪುಡಿ ಸಾಕು. ಈಗ ಆಮ್ಲ ಬೀಳಬೇಕು. ಆಮ್ಲವನ್ನು ಸುಮ್ನೆ ಪಿಪೆಟ್‌ನಿಂದ ಸುರಿದರೆ ಹನಿ ಬಿದ್ದ ಜಾಗದಲ್ಲಿ ತಕ್ಷಣ ಬಿಳಿ ಗಂಟು ಏಳುತ್ತದೆ. ಪಕ್ಕದಲ್ಲಿ ಇನ್ನೂ ನೀರು. ಕಲಕಿದರೆ ಗಂಟುಗಳು ಇನ್ನಷ್ಟು ಚೂರಾಗುತ್ತವೆ. 2009ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಡೇವ್ ಆಡಮ್ಸ್ ತಂಡ ಇಂಥ ಪುಟ್ಟ ಪೆಪ್ಟೈಡ್‌ಗಳಿಗೆ ಬೇರೆ ದಾರಿ ಹಿಡಿಯಿತು. ತೋಫು ಮಾಡುವವರು ಬಳಸುವ ಗ್ಲುಕೋನೋ ಡೆಲ್ಟಾ ಲ್ಯಾಕ್ಟೋನ್ ಪುಡಿಯನ್ನು ಹಾಕಿದರು. ಅದು ನೀರಿನಲ್ಲಿ ಕರಗಿ, ಆಮೇಲೆ ನಿಧಾನವಾಗಿ ಆಮ್ಲವಾಗಿ ಬದಲಾಗುತ್ತದೆ. ಇಡೀ ಸೀಸೆಯಲ್ಲಿ ಹುಳಿ ಒಂದೇ ಸಮನೆ, ನಿಧಾನಕ್ಕೆ ಏರುತ್ತದೆ. ಎಳೆಗಳು ಒಂದೇ ಹದದಲ್ಲಿ ಬೆಳೆಯುತ್ತವೆ. ಕೊನೆಗೆ ಸೀಸೆಯನ್ನು ತಲೆಕೆಳಗು ಹಿಡಿದರೂ ಒಳಗಿನದು ಬೀಳುವುದಿಲ್ಲ. 99 ಭಾಗಕ್ಕೂ ಹೆಚ್ಚು ನೀರೇ, ಆದರೂ ಗಟ್ಟಿ ಜೆಲ್.

ಎರಡೂ ಸೀಸೆಗಳಲ್ಲಿ ಕೊನೆಯ ಆಮ್ಲತೆ ಒಂದೇ ಇರಬಹುದು, ಪೆಪ್ಟೈಡ್ ಪ್ರಮಾಣವೂ ಒಂದೇ. ಜೆಲ್ ಮಾತ್ರ ಬೇರೆ ಬೇರೆ. ಕಾರಣ ಇಷ್ಟು. ಕಣಗಳು ಅವಸರದಲ್ಲಿ ಸೇರಿದಾಗ ಮೊದಲು ಸಿಕ್ಕ ಜೋಡಣೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಅದಕ್ಕಿಂತ ಸ್ಥಿರವಾದ ಜೋಡಣೆ ಇದ್ದರೂ ಅಲ್ಲಿಗೆ ಹೋಗಲು ಈಗಿನದನ್ನು ಬಿಡಿಸಿಕೊಳ್ಳಬೇಕು. ಅಷ್ಟು ಶಕ್ತಿ ಅವಕ್ಕೆ ಇರುವುದಿಲ್ಲ. ಉಷ್ಣತೆ, ಉಪ್ಪು, ಆಮ್ಲತೆ, ಪ್ರಮಾಣ, ಕಲಕಿದ ರೀತಿ, ಕಡೆಗೆ ಸೀಸೆಯ ಒಳಗೋಡೆ ಎಂಥದ್ದು ಅನ್ನುವುದು ಕೂಡ ಲೆಕ್ಕಕ್ಕೆ ಬರುತ್ತದೆ.

ಹೆಪ್ಪಿನ ಮಾತೂ ಇಲ್ಲಿ ಹಾಗೇ ನಿಜ. ಎಳೆ ಹುಟ್ಟಲು ಮೊದಮೊದಲು ತುಂಬಾ ಹೊತ್ತು ಬೇಕು. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಏನೂ ಆದಂತೆ ಕಾಣುವುದಿಲ್ಲ. ಮೊದಲೇ ತಯಾರಾದ ಎಳೆಯ ಒಂದು ಚೂರು ಒಳಗೆ ಬಿದ್ದರೆ ಸಾಕು, ಆ ಕಾಯುವ ಹೊತ್ತು ಇಲ್ಲವಾಗುತ್ತದೆ. ಉಳಿದ ಕಣಗಳು ಅದರ ತುದಿಗೆ ಬಂದು ಸೇರುತ್ತಾ ಹೋಗುತ್ತವೆ. ಕಾರ್ಖಾನೆಯಲ್ಲಿ ಸರಿಯಾಗಿ ತೊಳೆಯದ ಒಂದು ಪೈಪು ಇಡೀ ಬ್ಯಾಚನ್ನು ಕೆಡಿಸಬಲ್ಲದು ಅನ್ನುವುದು ಇದಕ್ಕೇ.

ಇನ್ಸುಲಿನ್ ಸೀಸೆಯಲ್ಲಿ ನಡೆಯುವ ಕಥೆ

ಇದೆಲ್ಲ ದೂರದ ಲ್ಯಾಬಿನ ಮಾತು ಅನ್ನಿಸಬಹುದು. ನಮ್ಮ ಜಿಲ್ಲೆಗಳ ಸಾವಿರಾರು ಮನೆಗಳಲ್ಲಿ ಈ ಪ್ರಯೋಗ ದಿನವೂ ನಡೆಯುತ್ತಿದೆ. ಶುಗರ್ ಇರುವವರು ಚುಚ್ಚಿಕೊಳ್ಳುವ ಇನ್ಸುಲಿನ್ ಸೀಸೆಯಲ್ಲಿ.

ಸೀಸೆಯೊಳಗೆ ಇನ್ಸುಲಿನ್ ಕಣಗಳು ಆರಾರು ಸೇರಿ, ನಡುವೆ ಸತು ಇಟ್ಟುಕೊಂಡು ಗುಂಪಾಗಿ ಕೂತಿರುತ್ತವೆ. ಈ ಆರರ ಗುಂಪು ಒಳ್ಳೆಯ ಜೋಡಣೆ. ಅದು ಕಣಗಳನ್ನು ಕಾಪಾಡುತ್ತದೆ. ದೇಹದೊಳಗೆ ಹೋದ ಮೇಲೆ ಗುಂಪು ಒಡೆದು ಒಂದೊಂದೇ ಕಣ ರಕ್ತಕ್ಕೆ ಸೇರಿ ಕೆಲಸ ಮಾಡುತ್ತದೆ. ಸೀಸೆ ಬಿಸಿಯಾದರೆ ಈ ಗುಂಪು ಅಲ್ಲಿಯೇ ಒಡೆಯತೊಡಗುತ್ತದೆ. ಬಿಡಿ ಕಣ ಅರ್ಧ ಬಿಚ್ಚಿಕೊಳ್ಳುತ್ತದೆ. ಅಲುಗಾಡಿಸಿದರೆ ನೀರು ಮತ್ತು ಗಾಳಿ ಸೇರುವ ಮೇಲ್ಪದರ ಪದೇ ಪದೇ ಹೊಸದಾಗುತ್ತದೆ, ಬಿಚ್ಚಿಕೊಂಡ ಕಣಗಳು ಅಲ್ಲಿ ಹೋಗಿ ಅಂಟುತ್ತವೆ. ಅಲ್ಲಿ ಕೆಟ್ಟ ಎಳೆ ಹುಟ್ಟುತ್ತದೆ. ಆ ಎಳೆಯಿಂದ ಇನ್ಸುಲಿನ್ ಮತ್ತೆ ಬಿಡುಗಡೆಯಾಗುವುದಿಲ್ಲ. ದೇಹಕ್ಕೆ ಅದು ಔಷಧಿಯಾಗಿ ಸಿಗುವುದಿಲ್ಲ.

ಇದು ಕಣ್ಣಿಗೂ ಕಾಣುತ್ತದೆ, ಆದರೆ ತಡವಾಗಿ. ತಿಳಿಯಾಗಿ ಇರಬೇಕಾದ ಇನ್ಸುಲಿನ್ ಮಸುಕಾಗುತ್ತದೆ. ಸಣ್ಣ ಬಿಳಿ ಚೂರುಗಳು ತೇಲುತ್ತವೆ. ಗಾಜಿನ ಒಳಗೋಡೆಗೆ ಮಂಜು ಕವಿದಂಥ ಪೊರೆ ಅಂಟುತ್ತದೆ. ಒಂದು ಎಚ್ಚರ: ಎನ್‌ಪಿಎಚ್ ಮತ್ತು ಮಿಕ್ಸ್ ಇನ್ಸುಲಿನ್‌ಗಳು ಹುಟ್ಟಾ ಹಾಲಿನ ಬಣ್ಣದಲ್ಲೇ ಇರುತ್ತವೆ, ಅದು ಕೆಟ್ಟಿದ್ದಲ್ಲ. ಅಂಥದ್ದನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ ಬೆರೆಸಿರಿ, ಜೋರಾಗಿ ಕುಲುಕಬೇಡಿರಿ ಎಂದು ನರ್ಸ್ ಹೇಳಿಕೊಡುತ್ತಾರೆ. ಉರುಳಿಸಿದ ಮೇಲೂ ಗಂಟು ಉಳಿದರೆ ಮಾತ್ರ ಬಳಸಬಾರದು.

ಈಗ ರೋಣ, ಶಿರಹಟ್ಟಿ, ಹಾನಗಲ್ ಕಡೆಯಿಂದ ಹುಬ್ಬಳ್ಳಿಗೆ ಬಂದು ತಿಂಗಳ ಇನ್ಸುಲಿನ್ ಒಯ್ಯುವವರನ್ನು ನೆನೆಸಿಕೊಳ್ಳಿ. ಏಪ್ರಿಲ್ ಬಿಸಿಲು, ಬಸ್ಸಿನ ಕುಲುಕಾಟ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಬಿಸಿ ಮತ್ತು ಅಲುಗಾಟ, ಎರಡೂ ಒಟ್ಟಿಗೆ. ಸ್ಕೂಟರಿನ ಸೀಟಿನ ಕೆಳಗಿನ ಡಿಕ್ಕಿಯಲ್ಲಿ ಇಟ್ಟರೆ ಇನ್ನೂ ಕಷ್ಟ. ಒಂದೇ ಪ್ರಯಾಣದಲ್ಲಿ ಸೀಸೆ ಪೂರ್ತಿ ಕೆಡುತ್ತದೆ ಎಂದಲ್ಲ. ಪ್ರತಿ ಸಲ ಸ್ವಲ್ಪ ಸ್ವಲ್ಪ ಹಾಳಾಗುತ್ತಾ ಹೋದರೆ, ಅದೇ ಡೋಸ್ ತೆಗೆದುಕೊಂಡರೂ ಶುಗರ್ ಏರುತ್ತದೆ. ಡಾಕ್ಟರ್ ಡೋಸ್ ಹೆಚ್ಚಿಸುತ್ತಾರೆ. ಆಮೇಲೆ ಹೊಸ, ತಾಜಾ ಸೀಸೆ ಬಂದಾಗ ಅದೇ ಹೆಚ್ಚಿನ ಡೋಸ್ ಶುಗರನ್ನು ಏಕಾಏಕಿ ಇಳಿಸಬಹುದು. ಫ್ರಿಜ್ ಇಲ್ಲದ ಮನೆಗಳಲ್ಲಿ ಒದ್ದೆ ಮಾಡಿದ ಮಣ್ಣಿನ ಮಡಕೆಯೊಳಗೆ ಇನ್ಸುಲಿನ್ ಇಡಿ ಅನ್ನುವ ಸಲಹೆ ಹಳೆಯದು, ಸರಿಯಾದದ್ದೂ ಹೌದು. ಫ್ರಿಜ್ ಇದ್ದವರು ಬಾಗಿಲಿನ ಕಪಾಟಿನಲ್ಲಿ ಇಡಬಹುದು, ಫ್ರೀಜರ್‌ಗೆ ತಾಗಿಸಿ ಇಡಬಾರದು. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ಕೂಡ ಕೆಟ್ಟಂತೆಯೇ.

ಇನ್ನೊಂದು ಸಂಗತಿ ಕಡಿಮೆ ಜನಕ್ಕೆ ಗೊತ್ತು. ವರ್ಷಗಟ್ಟಲೆ ಒಂದೇ ಜಾಗಕ್ಕೆ ಚುಚ್ಚಿಕೊಂಡರೆ ಕೆಲವರಿಗೆ ಚರ್ಮದಡಿ ಗಟ್ಟಿ ಗಂಟು ಬರುತ್ತದೆ. ಗಂಟುಗಳಿಗೆ ಬೇರೆ ಕಾರಣಗಳೂ ಇವೆ. ಆದರೆ ಕೆಲವು ಗಂಟುಗಳಲ್ಲಿ ಎಳೆಗಟ್ಟಿದ ಇನ್ಸುಲಿನ್ನೇ ತುಂಬಿರುವುದನ್ನು ವೈದ್ಯರು ಕಂಡಿದ್ದಾರೆ. ಆ ಗಂಟಿಗೇ ಮತ್ತೆ ಚುಚ್ಚಿದರೆ ಔಷಧಿ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಜಾಗ ಬದಲಿಸುತ್ತಾ ಇರಿ ಎಂದು ಹೇಳುವುದರ ಹಿಂದೆ ಈ ಕಾರಣವೂ ಇದೆ.

ಹತೋಟಿ ಗೆದ್ದ ಕಡೆಗಳು

ವಿಜ್ಞಾನಿಗಳು ಇದೇ ಇನ್ಸುಲಿನ್ನಿನ ಜೋಡಣೆಯನ್ನು ತಿದ್ದಿ ಹೊಸ ಔಷಧಿಗಳನ್ನೂ ಮಾಡಿದರು. ಲಿಸ್‌ಪ್ರೋದಲ್ಲಿ ಸರಪಳಿಯ ಕೊನೆಯ ಹತ್ತಿರದ ಎರಡು ಅಮೈನೋ ಆಮ್ಲಗಳ ಜಾಗ ಅದಲುಬದಲು ಮಾಡಿದರು, ಅಷ್ಟೇ. ಕಣಗಳು ಪರಸ್ಪರ ಹಿಡಿದುಕೊಳ್ಳುವ ಬಲ ಕುಗ್ಗಿತು. ಚುಚ್ಚಿದ ಮೇಲೆ ಬೇಗ ಬಿಡಿಯಾಗುತ್ತವೆ, ಬೇಗ ಕೆಲಸ ಶುರು ಮಾಡುತ್ತವೆ. ಗ್ಲಾರ್ಜಿನ್‌ನಲ್ಲಿ ಮಾಡಿದ್ದು ಇದರ ಉಲ್ಟಾ. ಅದು ಸೀಸೆಯಲ್ಲಿ ಹುಳಿ ದ್ರವದಲ್ಲಿ ಕರಗಿರುತ್ತದೆ. ಚರ್ಮದಡಿಯ ಹುಳಿಯಿಲ್ಲದ ಜಾಗಕ್ಕೆ ಹೋದ ಕೂಡಲೇ ಸಣ್ಣ ಕಣಗಳಾಗಿ ಗಟ್ಟಿಯಾಗುತ್ತದೆ. ಅಲ್ಲಿಂದ ಸುಮಾರು ಒಂದು ದಿನದವರೆಗೆ ನಿಧಾನಕ್ಕೆ ಕರಗುತ್ತದೆ.

ಲ್ಯಾನ್‌ರಿಯೋಟೈಡ್‌ದು ಇನ್ನೂ ಸ್ವಾರಸ್ಯ. ಬೆಳವಣಿಗೆಯ ಹಾರ್ಮೋನ್ ಮಿತಿಮೀರಿದವರಿಗೆ ಕೊಡುವ ಈ ಔಷಧಿಯಲ್ಲಿ ಎಂಟೇ ಅಮೈನೋ ಆಮ್ಲಗಳು. ನೀರಿನಲ್ಲಿ ಅದು ಸುಮಾರು 24 ನ್ಯಾನೋಮೀಟರ್ ಅಗಲದ ಕೊಳವೆಗಳಾಗುತ್ತದೆ, ಎಲ್ಲ ಕೊಳವೆಗಳೂ ಒಂದೇ ಅಗಲ. ಸಿರಿಂಜಿನಲ್ಲಿ ಇರುವುದೇ ಈ ಕೊಳವೆಗಳ ಜೆಲ್. ನಾಲ್ಕು ವಾರಕ್ಕೆ ಒಂದೇ ಚುಚ್ಚು. ಬೇರೆ ಯಾವ ಪ್ಲಾಸ್ಟಿಕ್ ಹೊದಿಕೆಯೂ ಬೇಕಿಲ್ಲ, ಔಷಧಿಯೇ ತನ್ನ ಗೋದಾಮು.

ರಕ್ತ ನಿಲ್ಲಿಸಲು ಬಳಸುವ ರಾಡಾ-16 ಕೂಡ ಇದೇ ಜಾತಿಯದು. ಹದಿನಾರು ಅಮೈನೋ ಆಮ್ಲ, ಒಂದು ಮಗ್ಗುಲು ನೀರಿಗೆ ಒಗ್ಗುತ್ತದೆ, ಇನ್ನೊಂದು ಒಗ್ಗುವುದಿಲ್ಲ. ಅಮೆರಿಕದ ಎಂಐಟಿಯ ಶುಗುವಾಂಗ್ ಝಾಂಗ್ ಯೀಸ್ಟಿನ ಒಂದು ಪ್ರೋಟೀನನ್ನು ನೋಡುವಾಗ ಕಣ್ಣಿಗೆ ಬಿದ್ದ ಸರಪಳಿಯೊಂದರಿಂದ ಈ ಕುಟುಂಬ ಬೆಳೆಯಿತು. ಸಿರಿಂಜಿನಲ್ಲಿ ತೆಳು ದ್ರವ. ರಕ್ತದ ಉಪ್ಪು ತಾಗಿದ ಕೂಡಲೇ ಎಳೆಗಳ ಬಲೆ ಹರಡಿ ಪಾರದರ್ಶಕ ಜೆಲ್ ಆಗುತ್ತದೆ. ಎಂಡೋಸ್ಕೋಪಿ ಮಾಡುವ ಸರ್ಜನ್‌ಗೆ ಜೆಲ್ ಮೂಲಕವೇ ಗಾಯ ಕಾಣುತ್ತಿರುತ್ತದೆ.

ಆಶೆ ಇಟ್ಟವರು, ತಡೆದು ನಿಂತವರು

ಹೀಗೆ ಗೆದ್ದದ್ದನ್ನು ತೋರಿಸಿ ಒಂದು ಪಕ್ಷ ಬಲು ಹುಮ್ಮಸ್ಸಿನಲ್ಲಿದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಸ್ಟಪ್ ತಂಡ 2021ರಲ್ಲಿ ಪ್ರಕಟಿಸಿದ ಪ್ರಯೋಗ ಅವರ ದೊಡ್ಡ ಸಾಕ್ಷಿ. ಬೆನ್ನುಹುರಿ ಪೆಟ್ಟಾಗಿ ಹಿಂಗಾಲು ಬಿದ್ದಿದ್ದ ಇಲಿಗಳಿಗೆ ಒಂದೇ ಸಲ ಪೆಪ್ಟೈಡ್ ದ್ರವ ಚುಚ್ಚಿದರು. ಅಲ್ಲಿ ಅದು ನ್ಯಾನೋ ಎಳೆಗಳ ಜೆಲ್ ಆಯಿತು. ನಾಲ್ಕು ವಾರದೊಳಗೆ ಇಲಿಗಳು ನಡೆದವು. ಗಮನಿಸಬೇಕಾದ ಅಂಶ ಬೇರೆ ಇದೆ. ಜೀವಕೋಶಗಳಿಗೆ ಸಂದೇಶ ಕೊಡುವ ಒಂದೇ ಸಂಕೇತಗಳನ್ನು ಹೊತ್ತ ಬೇರೆ ಬೇರೆ ಎಳೆಗಳನ್ನು ಅವರು ಹೋಲಿಸಿದ್ದರು. ಎಳೆಯೊಳಗೆ ಕಣಗಳು ಹೆಚ್ಚು ಅಲುಗಾಡುವಂತೆ ವಿನ್ಯಾಸ ಮಾಡಿದ್ದರ ಫಲಿತಾಂಶವೇ ಚೆನ್ನಾಗಿತ್ತು. ಸಂಕೇತ ಒಂದೇ ಇದ್ದರೂ ಜೋಡಣೆಯ ಬಿಗಿ ಬದಲಾದಾಗ ಫಲ ಬದಲಾಯಿತು.

ಇನ್ನೊಂದು ಪಕ್ಷ ಕೇಳುವ ಪ್ರಶ್ನೆಗಳೂ ಹಗುರವಲ್ಲ. ಇಲಿಯ ಬೆನ್ನುಹುರಿಯಲ್ಲಿ ಆದದ್ದು ಮನುಷ್ಯರಲ್ಲಿ ಆಗಬೇಕೆಂದಿಲ್ಲ. ದೇಹದಲ್ಲಿ ಉಳಿದ ಎಳೆಯ ಚೂರು ನಮ್ಮದೇ ಪ್ರೋಟೀನ್‌ಗಳಿಗೆ ಹೆಪ್ಪಾದರೆ? ಒಂದು ಬ್ಯಾಚಿನ ಎಳೆ ಉದ್ದ, ಇನ್ನೊಂದರದು ಗಿಡ್ಡ ಆದರೆ ಔಷಧಿ ಒಂದೇ ಅನ್ನುವುದು ಹೇಗೆ? ದೇಹದ ರೋಗನಿರೋಧಕ ಶಕ್ತಿ ಬಿಡಿ ಕಣವನ್ನು ಸುಮ್ಮನೆ ಬಿಟ್ಟು, ಗುಂಪುಗಟ್ಟಿದ್ದನ್ನು ಶತ್ರು ಎಂದು ತಿಳಿಯುವುದೂ ಇದೆ.

ಮೊದಲ ಪಕ್ಷದ ಕೈಯಲ್ಲಿ ಇದಕ್ಕೆ ಒಂದು ಗಟ್ಟಿ ಉತ್ತರವಿದೆ. ಆರೋಗ್ಯವಂತರ ದೇಹವೇ ಇಂಥ ಎಳೆಗಳನ್ನು ಬಳಸುತ್ತದೆ. ಪಿಟ್ಯುಟರಿ ಗ್ರಂಥಿಯಲ್ಲಿ ಹಲವು ಹಾರ್ಮೋನ್‌ಗಳು ಒತ್ತೊತ್ತಾದ ಎಳೆಗಳ ರೂಪದಲ್ಲೇ ಕೂಡಿಟ್ಟಿರುತ್ತವೆ, ಬೇಕಾದಾಗ ಬಿಡಿಯಾಗಿ ಹೊರಬರುತ್ತವೆ ಎಂದು 2009ರಲ್ಲಿ ಗೊತ್ತಾಯಿತು. ಆ ಸಂಶೋಧನೆಯ ಮೊದಲ ಲೇಖಕ ಸಮೀರ್ ಮಾಜಿ, ಈಗ ಮುಂಬೈ ಐಐಟಿಯಲ್ಲಿದ್ದಾರೆ. ದೇಹಕ್ಕೆ ಎಳೆ ಕಟ್ಟಲೂ ಗೊತ್ತು, ಬಿಡಿಸಲೂ ಗೊತ್ತು. ಆಲ್‌ಝೈಮರ್‌ನಲ್ಲಿ ಕಟ್ಟಿದ್ದು ಬಿಡಿಸಲಾಗದೆ ಉಳಿಯುತ್ತದೆ. ಆ ಗಂಟುಗಳನ್ನು ತೆಗೆಯುವ ಲೆಕನೆಮ್ಯಾಬ್ ಎಂಬ ಔಷಧಿಗೆ 2023ರಲ್ಲಿ ಅಮೆರಿಕ ಪೂರ್ಣ ಅನುಮತಿ ಕೊಟ್ಟಿತು. ಅದರ ದೊಡ್ಡ ಪ್ರಯೋಗದಲ್ಲಿ 18 ತಿಂಗಳಲ್ಲಿ ಕಾಯಿಲೆಯ ಏರಿಕೆ ಶೇ 27ರಷ್ಟು ನಿಧಾನವಾಯಿತು, ನಿಲ್ಲಲಿಲ್ಲ. ಕೆಲವರ ಮೆದುಳಿನಲ್ಲಿ ಬಾವು, ರಕ್ತಸ್ರಾವವೂ ಕಂಡಿತು. ಗಂಟು ತೆಗೆದರೆ ಸಾಕು ಅನ್ನುವ ವಾದ ಪೂರ್ತಿ ಗೆದ್ದಿಲ್ಲ.

ನನಗೆ ಎರಡನೇ ಪಕ್ಷದ ಎಚ್ಚರಿಕೆ ಹೆಚ್ಚು ಸರಿ ಕಾಣುತ್ತದೆ. ಅದು ಸಂಶೋಧನೆ ನಿಲ್ಲಿಸಿ ಅನ್ನುತ್ತಿಲ್ಲ. ಪ್ರತಿ ಔಷಧಿಯ ಜೊತೆ ಅದು ಯಾವ ಜೋಡಣೆಯಲ್ಲಿದೆ ಅನ್ನುವ ಲೆಕ್ಕವನ್ನೂ ಕೊಡಿ ಅನ್ನುತ್ತಿದೆ.

ಕಂಪ್ಯೂಟರ್ ಮೊದಲೇ ಹೇಳಬಾರದೇ?

2024ರ ರಸಾಯನಶಾಸ್ತ್ರದ ನೊಬೆಲ್ ಪ್ರೋಟೀನ್ ಆಕಾರ ಲೆಕ್ಕ ಹಾಕುವವರಿಗೆ ಸಿಕ್ಕಿತು. ಇನ್ನೇನು, ಎಲ್ಲ ಬಗೆಹರಿಯಿತು ಎಂದು ಹಲವರು ಅಂದುಕೊಂಡರು. ಆದರೆ ಅವರ ಆಲ್ಫಾಫೋಲ್ಡ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಮುಖ್ಯವಾಗಿ ಹೇಳುವುದು ಪ್ರೋಟೀನ್ ಸರಪಳಿ ಹೇಗೆ ಮಡಚಿಕೊಳ್ಳುತ್ತದೆ ಅನ್ನುವುದನ್ನು. ಲಕ್ಷಾಂತರ ಪುಟ್ಟ ಪೆಪ್ಟೈಡ್‌ಗಳು ಈ ಉಪ್ಪಿನಲ್ಲಿ, ಈ ಬಿಸಿಯಲ್ಲಿ, ಈ ವೇಗದಲ್ಲಿ ಕಲಕಿದಾಗ ಯಾವ ದಾರಿ ಹಿಡಿಯುತ್ತವೆ ಅನ್ನುವುದು ಬೇರೆಯದೇ ಲೆಕ್ಕ. ಮೂರು ಅಮೈನೋ ಆಮ್ಲದ ಪೆಪ್ಟೈಡ್‌ಗಳು ಒಟ್ಟು 8,000. ಅಷ್ಟನ್ನೂ ಕಂಪ್ಯೂಟರಿನಲ್ಲಿ ಒಂದೊಂದಾಗಿ ಓಡಿಸಿ, ಜೆಲ್ ಆಗಬಲ್ಲವನ್ನು ಗುರುತಿಸಿ, ಕೆಲವನ್ನು ಲ್ಯಾಬಿನಲ್ಲಿ ಮಾಡಿ ತೋರಿಸಿದ ಕೆಲಸ 2015ರಲ್ಲಿ ಬಂತು. ಐದಕ್ಕೆ ಹೋದರೆ ಸಂಖ್ಯೆ 32 ಲಕ್ಷ. ಪೂರ್ತಿ ಓಡಿಸಲು ಆಗದು, ಆಯ್ದು ಕಲಿಯಬೇಕು. ಸುಳಿವು ಕೊಡುವ ಮಟ್ಟಿಗೆ ಕಂಪ್ಯೂಟರ್ ಒಳ್ಳೆಯ ಜೊತೆಗಾರ. ಸೀಸೆಯಲ್ಲಿ ಮಾಡಿ ನೋಡುವ ಕೆಲಸ ತಪ್ಪಿಲ್ಲ.

ಅಗ್ಗದ ಇಂಜೆಕ್ಷನ್ ಬಂದಾಗ

ಈಗ ಸೆಮಾಗ್ಲುಟೈಡ್‌ಗೆ ಬರೋಣ. ಇದರ ಸರಪಳಿಗೆ ಉದ್ದನೆಯ ಕೊಬ್ಬಿನ ಬಾಲವೊಂದನ್ನು ಕೂಡಿಸಿದ್ದಾರೆ. ಆ ಬಾಲ ರಕ್ತದ ಅಲ್ಬುಮಿನ್ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ವಾರಕ್ಕೆ ಒಂದು ಚುಚ್ಚು ಸಾಕಾಗುವುದು ಮುಖ್ಯವಾಗಿ ಇದರಿಂದ. ಆದರೆ ಎಣ್ಣೆಯ ಸ್ವಭಾವದ ಬಾಲ ಅಂದರೆ ನೀರಿನಲ್ಲಿ ಪರಸ್ಪರ ಸೇರುವ ಸೆಳೆತವೂ ಇದೆ ಎಂದಾಯಿತು. ಇದೇ ಬಳಗದ ಲಿರಾಗ್ಲುಟೈಡ್ ಏಳೇಳು ಕಣಗಳ ಗುಂಪಾಗಿ ಇರುತ್ತದೆ ಎಂದು ಗೊತ್ತಿದೆ. ಗುಂಪು ಚಿಕ್ಕದಾಗಿ, ಬಿಡಿಸಿಕೊಳ್ಳುವ ಹಾಗೆ ಇದ್ದರೆ ಒಳ್ಳೆಯದು. ಎಳೆಯಾದರೆ ಕೆಟ್ಟಿತು.

ಮೂಲ ಕಂಪನಿ ಸರಪಳಿಯನ್ನು ಯೀಸ್ಟಿನಲ್ಲಿ ಬೆಳೆಸಿ ಮಾಡುತ್ತದೆ. ಪೂರ್ತಿ ರಾಸಾಯನಿಕ ವಿಧಾನದಲ್ಲಿ ಒಂದೊಂದೇ ಅಮೈನೋ ಆಮ್ಲ ಕೂಡಿಸುತ್ತಾ ಹೋಗುವುದು ಇನ್ನೊಂದು ದಾರಿ. ಎರಡರಲ್ಲೂ ಕೊನೆಗೆ ಸಿಗುವ ಸರಪಳಿ ಒಂದೇ. ಉಳಿಯುವ ಕಲ್ಮಶ ಒಂದೇ ಆಗಿರುವುದಿಲ್ಲ. ಒಂದು ಅಮೈನೋ ಆಮ್ಲ ಬಿಟ್ಟುಹೋದ ತುಂಡು, ಕನ್ನಡಿಯ ಬಿಂಬದಂತೆ ತಿರುಗಿದ ಕಣ, ಇವು ತೀರಾ ಸ್ವಲ್ಪ ಇದ್ದರೂ ಗುಂಪುಗಟ್ಟುವ ರೀತಿಯನ್ನು ಬದಲಿಸಬಲ್ಲವು. ಈ ಕಾರಣಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಲಿರಾಗ್ಲುಟೈಡ್, ರಕ್ತದ ಸಕ್ಕರೆ ಏರಿಸುವ ಗ್ಲುಕಗಾನ್ ಸೇರಿ ಐದು ಪೆಪ್ಟೈಡ್‌ಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ರಾಸಾಯನಿಕ ವಿಧಾನದಲ್ಲಿ ಮಾಡಿದ ಜೆನೆರಿಕ್‌ನ ಕಲ್ಮಶ, ಗುಂಪುಗಟ್ಟುವಿಕೆ, ರೋಗನಿರೋಧಕ ಪ್ರತಿಕ್ರಿಯೆಯ ಅಪಾಯ ಇವನ್ನು ಮೂಲ ಔಷಧಿಯ ಜೊತೆ ಹೋಲಿಸಿ ತೋರಿಸಬೇಕು ಎಂದಿತು.

ಜೆನೆರಿಕ್ ಬೇಡ ಅನ್ನುವ ಮಾತು ಇದಲ್ಲ. ಬೆಲೆ ಇಳಿದರೆ ಈವರೆಗೆ ಕೈಗೆಟುಕದವರಿಗೆ ಔಷಧಿ ಸಿಗುತ್ತದೆ, ಅದು ಬಹಳ ದೊಡ್ಡದು. ಆದರೆ ಅಗ್ಗವಾದ ಔಷಧಿ ಹೆಚ್ಚು ಅಂಗಡಿಗೆ, ಹೆಚ್ಚು ಊರಿಗೆ, ಹೆಚ್ಚು ಕೈಗಳಿಗೆ ಹೋಗುತ್ತದೆ. ಬಳಸುವವರೆಗೆ 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಪೆನ್ ಅದು. ಕಾರ್ಖಾನೆಯಲ್ಲಿ ಸರಿಯಾಗಿದ್ದದ್ದು ಹಳ್ಳಿಯ ಅಂಗಡಿಯ ಕರೆಂಟ್ ಹೋದ ಮಧ್ಯಾಹ್ನದಲ್ಲಿ ಹದ ತಪ್ಪಬಹುದು.

ಜಿಮ್ ಪೆಪ್ಟೈಡ್‌ಗಳದ್ದು ಬೇರೆಯೇ ಮಟ್ಟದ ಅಪಾಯ. ಬಿಪಿಸಿ-157 ಅನ್ನುವುದನ್ನು ಎಫ್‌ಡಿಎ ಔಷಧಿಯಾಗಿ ಒಪ್ಪಿಲ್ಲ. ಸೀಸೆಯ ಮೇಲೆ 'ಸಂಶೋಧನೆಗೆ ಮಾತ್ರ' ಎಂದು ಬರೆದು ಮಾರುತ್ತಾರೆ. ಕೊಂಡವರು ಪುಡಿಗೆ ನೀರು ಹಾಕಿ, ಕುಲುಕಿ, ವಾರಗಟ್ಟಲೆ ಇಟ್ಟು ಚುಚ್ಚಿಕೊಳ್ಳುತ್ತಾರೆ. ಪುಡಿ ಶುದ್ಧವೇ ಅನ್ನುವುದು ಒಂದು ಪ್ರಶ್ನೆ. ಕಲಸಿದ ಮೇಲೆ ಒಳಗೆ ಏನಾಯಿತು ಅನ್ನುವುದು ಇನ್ನೊಂದು. ಗ್ಲುಕಗಾನ್ ದ್ರವದಲ್ಲಿ ಬೇಗ ಎಳೆಗಟ್ಟುತ್ತದೆ ಎಂಬ ಕಾರಣಕ್ಕೆ ಅದನ್ನು ದಶಕಗಳ ಕಾಲ ಪುಡಿಯಾಗಿಯೇ ಮಾರಿ, ಚುಚ್ಚುವ ಗಳಿಗೆಯಲ್ಲಿ ಕಲಸಲು ಹೇಳುತ್ತಿದ್ದರು. ಅನುಮತಿ ಪಡೆದ ಔಷಧಿಗೇ ಅಷ್ಟು ಎಚ್ಚರ ಬೇಕಾಗಿತ್ತು.

ಧಾರವಾಡದಲ್ಲಿ ಮಾಡಬಹುದಾದದ್ದು

ಎಳೆ ಹುಟ್ಟಿದೆಯೇ ಎಂದು ಪತ್ತೆ ಮಾಡಲು ಕೋಟಿ ರೂಪಾಯಿಯ ಯಂತ್ರವೇ ಬೇಕೆಂದಿಲ್ಲ. ಥಯೋಫ್ಲೇವಿನ್-ಟಿ ಅನ್ನುವ ಹಳದಿ ಬಣ್ಣವಿದೆ. ನೀರಿನಲ್ಲಿ ಅದು ಮಂಕು. ಇಂಥ ಎಳೆಗಳಿಗೆ ಅಂಟಿದಾಗ ಹಸಿರು-ನೀಲಿಯಾಗಿ ಹೊಳೆಯುತ್ತದೆ. ಹೊಳಪನ್ನು ಫ್ಲೋರಿಮೀಟರಿನಲ್ಲಿ ಅಳೆಯಬಹುದು. ಈ ಬಣ್ಣ ಒಮ್ಮೊಮ್ಮೆ ದಾರಿ ತಪ್ಪಿಸುವುದುಂಟು. ಹಾಗಾಗಿ ಅನುಮಾನ ಬಂದ ಮಾದರಿಯನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇನ್ನೊಮ್ಮೆ ನೋಡಬೇಕು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಯೂಸಿಕ್ ಎಂದೇ ಕರೆಯುವ ಉಪಕರಣ ಕೇಂದ್ರವಿದೆ. ಪಕ್ಕದಲ್ಲೇ ಐಐಟಿ ಧಾರವಾಡ. ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಆಸ್ಪತ್ರೆಗೆ ಸುತ್ತಲಿನ ಜಿಲ್ಲೆಗಳ ಶುಗರ್ ರೋಗಿಗಳು ಬರುತ್ತಾರೆ. ಮೂರೂ ಕೈಜೋಡಿಸಿದರೆ ಎಂ.ಎಸ್‌ಸಿ. ವಿದ್ಯಾರ್ಥಿಗಳೇ ಮಾಡಬಹುದಾದ ಕೆಲಸ ಇದು. ಹುಬ್ಬಳ್ಳಿ, ಗದಗ, ಹಾವೇರಿಯ ಅಂಗಡಿಗಳಿಂದ ಇನ್ಸುಲಿನ್ ಮತ್ತು ಹೊಸ ಸೆಮಾಗ್ಲುಟೈಡ್ ಪೆನ್‌ಗಳ ಮಾದರಿಗಳನ್ನು ಏಪ್ರಿಲ್‌ನ ಬಿಸಿಲಿನಲ್ಲಿ ಒಂದು ಸಲ, ಆಗಸ್ಟ್‌ನ ಮಳೆಯಲ್ಲಿ ಒಂದು ಸಲ ತಂದು ಅಳೆಯಬೇಕು. ಫಲಿತಾಂಶವನ್ನು ಅಂಗಡಿಯವರಿಗೂ ಔಷಧ ನಿಯಂತ್ರಣ ಇಲಾಖೆಗೂ ಕೊಡಬೇಕು. ಏಪ್ರಿಲ್‌ನ ಮಾದರಿಗಳು ಹೆಚ್ಚು ಹೊಳೆದರೆ, ಸಾಗಾಟದ ಯಾವ ಹಂತದಲ್ಲಿ ತಂಪು ತಪ್ಪುತ್ತಿದೆ ಎಂದು ಹುಡುಕಲು ಅಲ್ಲಿಂದ ಶುರು ಮಾಡಬಹುದು.